ಬೇಸಿಗೆಯ ಬಿಸಿಲು ಮತ್ತು ಟಗರಿನ ಫಲವತ್ತತೆ

ಮುಂಗಾರಿನಲ್ಲಿ ಕುರಿಗಳು ಗಬ್ಬ ನಿಲ್ಲದಿದ್ದಾಗ ದೋಷವನ್ನು ಹೆಣ್ಣುಕುರಿಯಲ್ಲಿಯೇ ಹುಡುಕುವುದು ವಾಡಿಕೆ. ಹಂಪಸಾಗರದಂತಹ ಬಿಸಿಲುನಾಡಿನಲ್ಲಿ ಬಳ್ಳಾರಿ ತಳಿಯ ಕುರಿ ಸಾಕುವ ರೈತ ಬಾಂಧವರು ಮೊದಲು ಟಗರನ್ನು ಗಮನಿಸಬೇಕು.

ವೃಷಣಗಳು ದೇಹದ ಉಷ್ಣತೆಗಿಂತ 4ರಿಂದ 5 ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ಬೆಳೆಯುತ್ತವೆ. ವೃಷಣಚೀಲವು ಚಳಿಯಲ್ಲಿ ಮೇಲಕ್ಕೆ ಸರಿಯುವುದೂ ಸೆಕೆಯಲ್ಲಿ ಜೋಲುವುದೂ ಇದಕ್ಕಾಗಿಯೇ. ಬಿರುಬಿಸಿಲಿನಲ್ಲಿ ದಿನವಿಡೀ ನಿಂತ ಟಗರಿಗೆ ಈ ಏರ್ಪಾಡು ಸಾಲದು. ವೀರ್ಯಾಣು ರೂಪುಗೊಂಡು, ಪಕ್ವವಾಗಿ ಹೊರಬರಲು ಸುಮಾರು 2 ತಿಂಗಳು ಬೇಕು. ಆದ್ದರಿಂದ ಏಪ್ರಿಲ್-ಮೇ ತಿಂಗಳ ಹಾನಿ ಜೂನ್-ಜುಲೈನಲ್ಲಿ ಪ್ರಕಟವಾಗುತ್ತದೆ. ಆಗ ಟಗರು ಹುರುಪಿನಿಂದ ಕೂಡಿದರೂ ಗರ್ಭ ನಿಲ್ಲದಿರಬಹುದು. ಹುರುಪೇ ನಮ್ಮನ್ನು ಮೋಸಗೊಳಿಸುತ್ತದೆ.

ಪತ್ತೆಹಚ್ಚುವುದು ಸುಲಭ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಆಗಾಗ ಬಳಿಯಿರಿ. ಕೂಡಿದ ಕುರಿಯ ಬೆನ್ನಿನ ಹಿಂಭಾಗದಲ್ಲಿ ಗುರುತು ಮೂಡುತ್ತದೆ. ಕುರಿಯ ಬೆದೆಚಕ್ರ ಸುಮಾರು 17 ದಿನ. ಅಷ್ಟು ದಿನಗಳಾದ ಮೇಲೆ ಬೇರೆ ಬಣ್ಣ ಹಚ್ಚಿರಿ. ಗುರುತಾದ ಹೆಚ್ಚಿನ ಕುರಿಗಳ ಮೇಲೆ ಎರಡನೆಯ ಬಣ್ಣವೂ ಕಂಡರೆ ಟಗರನ್ನು ಬದಲಿಸಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿರಿ.

ತುಂಗಭದ್ರಾ ಹಿನ್ನೀರು ಸರಿದ ಬಯಲಿನಲ್ಲಿ ಮೇವು ದೊರೆತರೂ ನೆರಳು ದೊರೆಯದು. ಯುಗಾದಿಯಿಂದಲೇ ಟಗರನ್ನು ಬೆಳಗಿನ 11ರಿಂದ ಸಂಜೆ 4ರವರೆಗೆ ಮರದಡಿ ಕಟ್ಟಿ, ತಣ್ಣೀರು ಒದಗಿಸಿರಿ. ಜ್ವರದಿಂದಲೂ ಇದೇ ಹಾನಿಯಾಗುವುದರಿಂದ, ಜ್ವರ ಬಂದು ಚೇತರಿಸಿಕೊಂಡ ಟಗರನ್ನು 2 ತಿಂಗಳು ಹಿಂಡಿಗೆ ಬಿಡಬಾರದು.