ಆಗ್ರಾದಲ್ಲಿ ಒಂದು ದಿನ: ಗೈಡ್ ಹೇಳುವ ಕಥೆ, ಕಲ್ಲು ಹೇಳುವ ಕಥೆ

ದೆಹಲಿ ನೋಡಲು ಹೋದ ಕರ್ನಾಟಕದ ಕುಟುಂಬಗಳು ಆಗ್ರಾಕ್ಕೆಂದು ಮೀಸಲಿಡುವುದು ಸಾಮಾನ್ಯವಾಗಿ ಒಂದೇ ದಿನ. ಬೆಳಗಿನ ಜಾವ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿಕೊಂಡು ಟೂರಿಸ್ಟ್ ಬಸ್ ಹತ್ತಿದರೆ, ಹೋಟೆಲಿಗೆ ಮರಳುವಾಗ ರಾತ್ರಿ ಹತ್ತೋ ಹನ್ನೊಂದೋ ಆಗಿರುತ್ತದೆ. ನಡುವೆ ತಾಜ್‌ಮಹಲ್, ಆಗ್ರಾ ಕೋಟೆ, ಸಮಯ ಉಳಿದರೆ ಇನ್ನೊಂದು ಗೋರಿ, ಸಮಯ ಉಳಿಯದಿದ್ದರೂ ಎರಡು ಅಂಗಡಿ. ಡ್ರೈವರ್ ಪಕ್ಕದಲ್ಲಿ ನಿಂತ ಗೈಡ್ ಹಿಂದಿ-ಇಂಗ್ಲಿಷ್ ಬೆರೆಸಿ ಮಾತು ಆರಂಭಿಸುತ್ತಾರೆ: ಇಪ್ಪತ್ತು ಸಾವಿರ ಕೆಲಸಗಾರರು, ಇಪ್ಪತ್ತೆರಡು ವರ್ಷ, ಕೊನೆಗೆ ಇಂಥದ್ದು ಇನ್ನೊಂದು ಆಗಬಾರದೆಂದು ಶಿಲ್ಪಿಗಳ ಕೈ ಕತ್ತರಿಸಿದ ಬಾದಶಹ!

ಮಕ್ಕಳ ನಿದ್ದೆ ಹಾರುವುದು ಈ ಮೂರನೆಯ ಮಾತಿಗೆ. ಊರಿಗೆ ಮರಳಿದ ಮೇಲೆ ಶಾಲೆಯಲ್ಲಿ ಗೆಳೆಯರಿಗೆ ಹೇಳುವುದೂ ಇದನ್ನೇ. ಅಷ್ಟು ದೂರ ಹೋಗಿ, ಅಷ್ಟು ಹಣ ಖರ್ಚು ಮಾಡಿ ತಂದದ್ದು ಒಂದು ಸುಳ್ಳು ಕಥೆ ಮತ್ತು ಹತ್ತಾರು ಫೋಟೋ ಎಂದಾದರೆ ನಷ್ಟ ಯಾರಿಗೆ?

ಗೈಡ್ ಹೇಳುವ ಮೊದಲ ಎರಡು ಅಂಕಿಗಳಿಗಾದರೂ ಒಂದು ಮೂಲವಿದೆ. ಶಹಜಹಾನನ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಟಾವರ್ನಿಯೆ ಎಂಬ ಫ್ರೆಂಚ್ ರತ್ನವ್ಯಾಪಾರಿ ಅವನ್ನು ಬರೆದಿಟ್ಟಿದ್ದಾನೆ. ಕೈ ಕತ್ತರಿಸಿದ ಕಥೆಗೆ ಆ ಕಾಲದ ಯಾವ ದಾಖಲೆಯ ಆಧಾರವೂ ಇಲ್ಲ. ಸ್ವಲ್ಪ ಲೆಕ್ಕ ಹಾಕಿದರೆ ಅದು ನಿಲ್ಲುವುದೂ ಇಲ್ಲ. ತಾಜ್‌ನ ಕೆಲಸ ಶುರುವಾದದ್ದು 1632ರ ಸುಮಾರಿಗೆ. ಮುಖ್ಯ ಗೋರಿ 1643ರ ಹೊತ್ತಿಗೆ ಸಿದ್ಧವಾಯಿತು. ಸುತ್ತಲಿನ ಕಟ್ಟಡಗಳು ಪೂರ್ತಿಯಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಈ ನಡುವೆ, 1639ರಲ್ಲಿ, ಅದೇ ಶಹಜಹಾನ್ ದೆಹಲಿಯಲ್ಲಿ ಕೆಂಪು ಕೋಟೆಯ ಕೆಲಸ ಆರಂಭಿಸಿದ. ಎರಡೂ ಕಡೆ ವಾಸ್ತುಶಿಲ್ಪಿಯಾಗಿ ಕೇಳಿಬರುವ ಹೆಸರು ಉಸ್ತಾದ್ ಅಹ್ಮದ್ ಲಾಹೋರಿ. ಕುಶಲಕರ್ಮಿಗಳ ಕೈ ಕಡಿದ ದೊರೆಗೆ ಮುಂದಿನ ಕಟ್ಟಡ ಕಟ್ಟಿಕೊಡುವವರು ಯಾರು? ಇನ್ನೊಂದು ಸಾಕ್ಷಿ ಗೋಡೆಯ ಮೇಲೆಯೇ ಇದೆ. ಅಲ್ಲಿನ ಅಕ್ಷರಗಳನ್ನು ರೂಪಿಸಿದ ಅಮಾನತ್ ಖಾನನಿಗೆ ತನ್ನ ಹೆಸರನ್ನು ಗೋರಿಯ ಒಳಗೆ ಕೆತ್ತಿಸುವ ಗೌರವ ದೊರೆತಿತ್ತು.

ಹೊರಡುವ ಮುನ್ನ

ತಾಜ್‌ಮಹಲ್ ಶುಕ್ರವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಇದನ್ನು ಗಮನಿಸದೆ ಟಿಕೆಟ್ ಕಾದಿರಿಸಿ ಗೇಟಿನ ಮುಂದೆ ಪೆಚ್ಚಾಗುವವರು ಇಂದಿಗೂ ಇದ್ದಾರೆ. ದೆಹಲಿಯಿಂದ 2012ರಲ್ಲಿ ತೆರೆದ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿ ಇದೆ. 2016ರಲ್ಲಿ ಆರಂಭವಾದ ಗತಿಮಾನ್ ರೈಲು ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಆಗ್ರಾ ದಾರಿಯಲ್ಲೇ ಸಿಗುವ ನಿಲ್ದಾಣ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದೊಡ್ಡವರು ಮುಖ್ಯ ಗೋರಿಯೊಳಗೆ ಹೋಗಲು ಪ್ರತ್ಯೇಕ ಟಿಕೆಟ್ ಕೊಳ್ಳಬೇಕು. ಗೈಡ್ ಗೊತ್ತು ಮಾಡುವಾಗ ಸರಕಾರಿ ಪರವಾನಗಿಯ ಗುರುತಿನ ಚೀಟಿ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ತಾಜ್‌ನ ಹತ್ತಿರಕ್ಕೆ ಬಸ್ ಹೋಗುವುದಿಲ್ಲ. 500 ಮೀಟರ್ ಆಚೆಗೇ ಪೆಟ್ರೋಲ್, ಡೀಸೆಲ್ ವಾಹನಗಳನ್ನು ತಡೆದು, ಅಲ್ಲಿಂದ ಮುಂದೆ ಬ್ಯಾಟರಿ ಗಾಡಿಯಲ್ಲಿ ಅಥವಾ ನಡೆದು ಹೋಗಬೇಕು. ಬಿಸಿಲಲ್ಲಿ ನಡೆಯುವ ಮಕ್ಕಳು ಗೊಣಗುತ್ತಾರೆ. ಅದರ ಕಾರಣ ಮುಂದೆ ಬರುತ್ತದೆ.

ಹತ್ತಿರ ಹೋದಂತೆ ಕುಗ್ಗುವ ತಾಜ್

ಕೆಂಪು ಕಲ್ಲಿನ ಮಹಾದ್ವಾರದ ಬಳಿ ಪ್ರತಿಯೊಬ್ಬ ಗೈಡ್ ಒಂದು ಚಮತ್ಕಾರ ತೋರಿಸುತ್ತಾರೆ. ಬಾಗಿಲ ಕಮಾನಿನೊಳಗಿಂದ ಕಾಣುವ ತಾಜ್, ಮುಂದೆ ನಡೆದಂತೆ ಚಿಕ್ಕದಾಗುತ್ತದೆ. ಹಿಂದಕ್ಕೆ ಹೆಜ್ಜೆ ಇಟ್ಟರೆ ಬೆಳೆಯುತ್ತದೆ! "ಹೋಗುವಾಗ ತಾಜ್ ನಿಮ್ಮ ಹಿಂದೆಯೇ ಬರುತ್ತದೆ" ಎಂಬ ಮಾತೂ ಜೊತೆಗಿರುತ್ತದೆ. ಜನ "ಆಹಾ" ಎಂದು ಮುಂದೆ ಸಾಗುತ್ತಾರೆ. ನಿಲ್ಲಬೇಕಾದ ಜಾಗ ಇದೇ.

ಇದು ಮಾಯೆಯಲ್ಲ, ಹೈಸ್ಕೂಲಿನ ರೇಖಾಗಣಿತ. ಕಮಾನಿಗೂ ಗೋರಿಗೂ ನಡುವೆ 300 ಮೀಟರ್ ಎಂದಿಟ್ಟುಕೊಳ್ಳೋಣ. ನಿಜವಾದ ದೂರವೂ ಸುಮಾರಾಗಿ ಅಷ್ಟೇ. ಕಮಾನಿನಿಂದ 60 ಮೀಟರ್ ಹಿಂದೆ ನಿಂತವನಿಗೆ ತಾಜ್ 360 ಮೀಟರ್ ದೂರ. ಅವನು 40 ಮೀಟರ್ ಮುಂದೆ ಬಂದರೆ ಕಮಾನು 20 ಮೀಟರ್ ದೂರದಲ್ಲಿ, ತಾಜ್ 320 ಮೀಟರ್ ದೂರದಲ್ಲಿ. ಕಮಾನಿನ ತೋರಿಕೆಯ ಗಾತ್ರ ಮೂರು ಪಟ್ಟಾಯಿತು; ತಾಜ್ ಬೆಳೆದದ್ದು ಎಂಟನೆಯ ಒಂದು ಪಾಲು ಮಾತ್ರ. ಚೌಕಟ್ಟು ಭರದಿಂದ ಹಿಗ್ಗಿದಾಗ ಒಳಗಿನ ಚಿತ್ರ ಕುಗ್ಗಿದಂತೆ ಕಾಣುತ್ತದೆ. ಮನೆಯ ಕಿಟಕಿಯಿಂದ ದೂರದ ನೀರಿನ ಟ್ಯಾಂಕನ್ನು ನೋಡುತ್ತ ಮುಂದೆ ಹಿಂದೆ ನಡೆದರೂ ಇದೇ ಚಮತ್ಕಾರ, ಟಿಕೆಟ್ಟಿಲ್ಲದೆ.

ಇಂಥ ಕಣ್ಣಿನ ಲೆಕ್ಕ ಇನ್ನೂ ಇದೆ. ದ್ವಾರದ ಸುತ್ತ ಕಪ್ಪು ಕಲ್ಲಿನಲ್ಲಿ ಕೂಡಿಸಿದ ಅಕ್ಷರಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ಅಳತೆಯಲ್ಲಿ ಕಾಣುತ್ತವೆ. ನಿಜದಲ್ಲಿ ಮೇಲೆ ಹೋದಂತೆ ಅವು ದೊಡ್ಡವು. ನಾಲ್ಕು ಮಿನಾರುಗಳು ಸ್ವಲ್ಪ ಹೊರಕ್ಕೆ ವಾಲಿವೆ. ಭೂಕಂಪದಲ್ಲಿ ಬಿದ್ದರೂ ಗೋರಿಯ ಮೇಲೆ ಬೀಳದಿರಲೆಂದು ಹೀಗೆ ಮಾಡಿದರೆಂಬುದು ಸಾಮಾನ್ಯ ವಿವರಣೆ.

ಉದ್ಯಾನದ ನಡುವಿನ ಕಾರಂಜಿಗಳ ಬಳಿ ಎಲ್ಲರೂ ಪ್ರತಿಬಿಂಬದ ಫೋಟೋ ತೆಗೆಯುವುದರಲ್ಲಿ ಮಗ್ನರಾಗಿರುತ್ತಾರೆ. ಕಾಲಡಿಯಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಯಮುನೆಯ ನೀರನ್ನು ಎತ್ತುಗಳಿಂದ ಮೇಲೆತ್ತಿ, ಎತ್ತರದ ತೊಟ್ಟಿಗಳಲ್ಲಿ ತುಂಬಿ, ನೆಲದೊಳಗಿನ ಕೊಳವೆಗಳಲ್ಲಿ ಹರಿಸುತ್ತಿದ್ದರು. ಒಂದೇ ಕೊಳವೆಗೆ ಸಾಲಾಗಿ ಕಾರಂಜಿ ಜೋಡಿಸಿದರೆ ಮೊದಲನೆಯದು ಎತ್ತರಕ್ಕೆ ಚಿಮ್ಮಿ, ಕೊನೆಯದು ತೊಟ್ಟಿಕ್ಕುತ್ತದೆ. ಬೀದಿ ನಲ್ಲಿಯ ಕೊನೆಯ ಮನೆಯವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮೊಘಲ್ ಕುಶಲಿಗಳು ಪ್ರತಿ ಕಾರಂಜಿಯ ಕೆಳಗೆ ಒಂದೊಂದು ತಾಮ್ರದ ಪಾತ್ರೆ ಇಟ್ಟರು. ನೀರು ಮೊದಲು ಪಾತ್ರೆಗಳಲ್ಲಿ ತುಂಬಿ, ಆಮೇಲೆ ಎಲ್ಲ ಕಾರಂಜಿಗಳಲ್ಲೂ ಒಟ್ಟಿಗೆ ಒಂದೇ ಎತ್ತರಕ್ಕೆ ಏಳುತ್ತಿತ್ತು. ಪಂಪಿಲ್ಲದ ಕಾಲದ ಈ ಜಾಣ್ಮೆ, ಕೈ ಕಡಿದ ಕಥೆಗಿಂತ ಸ್ವಾರಸ್ಯಕರ.

ಗುಮ್ಮಟದ ಕೆಳಗೆ

ಪಾದರಕ್ಷೆಗೆ ಬಟ್ಟೆಯ ಕವಚ ತೊಟ್ಟು ಮೇಲೇರಿದರೆ ಸಾಲು ನಿಧಾನವಾಗಿ ಒಳಗೆ ಸರಿಯುತ್ತದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಅಮೃತಶಿಲೆಯ ಜಾಲಂದರದ ಹಿಂದೆ ಕಾಣುವ ಎರಡು ಸಮಾಧಿಗಳು ತೋರಿಕೆಯವು; ನಿಜವಾದವು ನೆಲಮಾಳಿಗೆಯಲ್ಲಿವೆ. ಮುಮ್ತಾಜ್ ಮಹಲಳ ಸಮಾಧಿ ಕೋಣೆಯ ಸರಿಯಾದ ನಡುಮಧ್ಯದಲ್ಲಿದೆ. ಹದಿನಾಲ್ಕನೆಯ ಹೆರಿಗೆಯಲ್ಲಿ, 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡವಳು ಆಕೆ. ಪಕ್ಕದಲ್ಲಿ ಒತ್ತರಿಸಿ ಸೇರಿಸಿದಂತಿರುವುದು ಶಹಜಹಾನನದು. ಎಡ-ಬಲ ಕನ್ನಡಿ ಹಿಡಿದಂತೆ ಕಟ್ಟಿದ ಇಡೀ ತಾಣದಲ್ಲಿ ಸಮತೋಲ ತಪ್ಪಿದ್ದು ಇಲ್ಲಿ.

ಗೈಡ್ ಮೊಬೈಲಿನ ಟಾರ್ಚ್ ಬೆಳಗಿಸಿ ಕಲ್ಲಿನ ಹೂವಿಗೆ ತಾಗಿಸುತ್ತಾರೆ. ಕೆಂಪು ಎಸಳು ಕೆಂಡದಂತೆ ಹೊಳೆಯುತ್ತದೆ. ಆ ಕೆಂಪು ಕಲ್ಲಿನೊಳಗೆ ಬೆಳಕು ಸ್ವಲ್ಪ ದೂರ ಹೊಕ್ಕು ಚದುರುತ್ತದೆ. ರಾಜಸ್ಥಾನದ ಮಕ್ರಾನಾದಿಂದ ತಂದ ಬಿಳಿ ಅಮೃತಶಿಲೆಯ ಗುಣವೂ ಅದೇ. ಬೆಳಗ್ಗೆ ನಸುಗೆಂಪು, ನಡುಹಗಲು ಕಣ್ಣು ಕೋರೈಸುವ ಬಿಳುಪು ಎಂದು ತಾಜ್ ಬಣ್ಣ ಬದಲಿಸುವುದಕ್ಕೆ ಇದೂ ಒಂದು ಕಾರಣ.

ಒಳಗಿನ ಗುಂಯ್‌ಗುಡುವ ಸದ್ದು ಕೇಳಿದ ಕನ್ನಡಿಗರಿಗೆ ವಿಜಾಪುರದ ಗೋಳಗುಮ್ಮಟ ನೆನಪಾಗದಿರದು. ಎರಡೂ ಒಂದೇ ಕಾಲದವು. ಮಹಮ್ಮದ್ ಆದಿಲಶಾಹನ ಗೋಳಗುಮ್ಮಟದ ಕೆಲಸ ಆತ ತೀರಿಕೊಂಡ 1656ರ ಹೊತ್ತಿಗೆ ಮುಗಿಯಿತು. ಅದರ ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ತಾಜ್‌ನ ಗೋರಿಕೋಣೆ ಅದರ ಅರ್ಧದಷ್ಟೂ ಇಲ್ಲ. ತಾಜ್‌ನದು ಎರಡು ಪದರದ ಗುಮ್ಮಟ. ಹೊರಗಿನವರಿಗೆ ಕಾಣುವ ಎತ್ತರದ್ದು ಒಂದು, ಒಳಗಿನವರಿಗೆ ಹಿತವಾಗಿ ಕಾಣುವ ತಗ್ಗಿನದು ಇನ್ನೊಂದು.

ಇಷ್ಟಾಗಿಯೂ ಅದು ಸೋರಿತು! ದಖ್ಖನಿಗೆ ಹೊರಟಿದ್ದ ರಾಜಕುಮಾರ ಔರಂಗಜೇಬ 1652ರ ಡಿಸೆಂಬರಿನಲ್ಲಿ ಆಗ್ರಾದಲ್ಲಿ ತಾಯಿಯ ಗೋರಿಗೆ ಭೇಟಿಯಿತ್ತು, ಮಳೆಗಾಲದಲ್ಲಿ ಗುಮ್ಮಟ ಉತ್ತರ ಬದಿಯಲ್ಲಿ ಸೋರುತ್ತಿದೆಯೆಂದು ತಂದೆಗೆ ಪತ್ರ ಬರೆದ. ಮಹಡಿ ಮನೆ ಕಟ್ಟಿಸಿ ಮೊದಲ ಮಳೆಗೇ ಬಕೆಟ್ ಇಟ್ಟವರು ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳಬಹುದು.

ಕಲ್ಲಿಗೆ ಬಂದ ಕಾಯಿಲೆ

ಹೊರಗೆ ಬಂದು ಗೋಡೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಹಳದಿ, ಕಂದು ಛಾಯೆ ಕಾಣುತ್ತದೆ. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಂಧಕದ ಹೊಗೆ ಗಾಳಿಯ ತೇವದೊಂದಿಗೆ ಸೇರಿ ಆಮ್ಲವಾದಾಗ ಈ ಕಲ್ಲಿನ ಮೇಲ್ಮೈ ಜಿಪ್ಸಮ್ ಆಗಿ ಉದುರತೊಡಗುತ್ತದೆ. ಮನೆಯಲ್ಲೇ ಪರೀಕ್ಷಿಸಬೇಕೆಂದರೆ ಅಮೃತಶಿಲೆಯ ಚೂರಿನ ಮೇಲೆ ವಿನೆಗರ್ ಹನಿಸಿ ಗುಳ್ಳೆ ಏಳುವುದನ್ನು ನೋಡಬಹುದು. ಶಾಲೆಯ ಸೀಮೆಸುಣ್ಣ ಬೇಡ. ಅದು ಹೆಚ್ಚಾಗಿ ಜಿಪ್ಸಮ್ಮೇ ಆಗಿರುವುದರಿಂದ ಗುಳ್ಳೆ ಬಾರದೆ ನಿರಾಶೆಯಾದೀತು.

ಮಥುರಾದ ತೈಲ ಶುದ್ಧೀಕರಣ ಘಟಕ, ಆಗ್ರಾದ ಎರಕದ ಕಾರ್ಖಾನೆಗಳು, ಇಟ್ಟಿಗೆ ಗೂಡುಗಳ ಹೊಗೆಯ ವಿರುದ್ಧ ವಕೀಲ ಎಂ.ಸಿ. ಮೆಹ್ತಾ 1984ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 30ರಂದು ತೀರ್ಪು ಬಂತು: 292 ಕೈಗಾರಿಕೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಆಗ್ರಾದ ಹೆಸರಾಂತ ಸಿಹಿ ಪೇಠಾ ಮಾಡುವ ಕಲ್ಲಿದ್ದಲ ಒಲೆಗಳಿಗೂ ಬಿಸಿ ತಟ್ಟಿತು. ಪೇಠಾ ಎಂದರೆ ಬೇರೇನಲ್ಲ, ನಮ್ಮ ಬೂದುಗುಂಬಳವೇ. ಸುಣ್ಣದ ನೀರಿನಲ್ಲಿ ನೆನೆಸಿ ಗಟ್ಟಿ ಮಾಡಿಕೊಂಡು ಸಕ್ಕರೆ ಪಾಕದಲ್ಲಿ ಬೇಯಿಸುತ್ತಾರೆ. ಕೆಲಸ ಕಳೆದುಕೊಂಡವರ ಪಾಡು ಏನಾಯಿತೆಂಬುದನ್ನು ಯಾವ ಗೈಡೂ ಹೇಳುವುದಿಲ್ಲ, ಯಾವ ಪ್ರವಾಸಿಗನೂ ಕೇಳುವುದಿಲ್ಲ.

ಕಾರ್ಖಾನೆಗಳಿಗೆ ಕಡಿವಾಣ ಬಿದ್ದರೂ ಬಣ್ಣ ಮಾಸುವುದು ನಿಲ್ಲಲಿಲ್ಲ. ಭಾರತ ಮತ್ತು ಅಮೆರಿಕದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ಕಂಡಿತು: ಧೂಳು, ಜೊತೆಗೆ ಕಸ, ಸೌದೆ, ಬೆರಣಿ, ಇಂಧನ ಉರಿಸಿದಾಗ ಏಳುವ ಇಂಗಾಲದ ಕಣಗಳು. ಅಂದರೆ ಅಪರಾಧಿ ದೊಡ್ಡ ಚಿಮಣಿಯೊಂದೇ ಅಲ್ಲ, ಬೀದಿ ಬದಿಯ ಕಸದ ಬೆಂಕಿಯೂ ಹೌದು. ಬ್ಯಾಟರಿ ಗಾಡಿಯ ಕಾರಣವೂ ಇಲ್ಲೇ ಇದೆ. ಪುರಾತತ್ವ ಇಲಾಖೆ ಆಗಾಗ ಗೋಡೆಗೆ ಮುಲ್ತಾನಿ ಮಿಟ್ಟಿ ಬಳಿದು, ಒಣಗಿದ ಮೇಲೆ ತೊಳೆಯುತ್ತದೆ. ಮದುಮಗಳ ಮುಖಕ್ಕೆ ಹಚ್ಚುವ ಅದೇ ಮಣ್ಣು ಕಲ್ಲಿನ ಕೊಳೆಯನ್ನೂ ಹೀರುತ್ತದೆ.

ಕೋಟೆ, ಅಂಗಡಿ ಮತ್ತು ತಾತನ ಗೋರಿ

ಊಟದ ನಂತರ ಆಗ್ರಾ ಕೋಟೆ. ಅಕ್ಬರ್ 1565ರಲ್ಲಿ ಕಟ್ಟಿಸಲು ಆರಂಭಿಸಿದ್ದು. ಸುತ್ತಳತೆ ಸುಮಾರು ಎರಡೂವರೆ ಕಿಲೋಮೀಟರ್. ಒಂದು ಭಾಗ ಸೈನ್ಯದ ವಶದಲ್ಲಿದೆ. ಹೊಟ್ಟೆ ತುಂಬಿ ಕಾಲು ಸೋತ ಮಕ್ಕಳಿಗೆ ಇಲ್ಲಿ ಒಂದೇ ಸ್ಥಳ ತೋರಿಸಿದರೂ ಸಾಕು: ಮುಸಮ್ಮನ್ ಬುರ್ಜ್. ಮಗ ಔರಂಗಜೇಬನಿಂದ 1658ರಲ್ಲಿ ಸೆರೆಯಾದ ಶಹಜಹಾನ್ 1666ರ ಜನವರಿಯಲ್ಲಿ ಸಾಯುವವರೆಗೆ ಈ ಕೋಟೆಯಲ್ಲೇ ಇದ್ದ. ಜೊತೆಗಿದ್ದು ನೋಡಿಕೊಂಡವಳು ಮಗಳು ಜಹಾನಾರಾ. ನದಿಯ ತಿರುವಿನಾಚೆ ಬಿಳಿಯ ಗುಮ್ಮಟ ಇಲ್ಲಿಂದ ಕಾಣುತ್ತದೆ. ಮಂಜು ಅಥವಾ ಹೊಗೆ ಮುಸುಕಿದ ದಿನ ಕಾಣುವುದೂ ಇಲ್ಲ.

ಆಮೇಲೆ ಅಂಗಡಿ. "ಕೊಳ್ಳಲೇಬೇಕೆಂದಿಲ್ಲ, ನೋಡಿದರೆ ಸಾಕು" ಎಂದು ಕರೆದೊಯ್ಯುವ ಅಂಗಡಿಯಲ್ಲಿ ಒಂದು ಗಂಟೆ ಹೋಗುತ್ತದೆ. ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ತಾಜ್‌ಗಳು ಹಲವು ಸಲ ಅಮೃತಶಿಲೆಯವಲ್ಲ, ಬಳಪದ ಕಲ್ಲಿನವು. ತಳಭಾಗವನ್ನು ಉಗುರಿನಿಂದ ಕೆರೆದರೆ ಬಳಪದ ಕಲ್ಲಿನ ಮೇಲೆ ಗೀರು ಬೀಳುತ್ತದೆ, ಅಮೃತಶಿಲೆಯ ಮೇಲೆ ಬೀಳುವುದಿಲ್ಲ. ಹಾಗೆಂದು ಬಳಪದ ಕಲ್ಲೇನೂ ಕೀಳಲ್ಲ. ಬೇಲೂರು, ಹಳೇಬೀಡಿನ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಆ ಮೆತ್ತನೆಯ ಗುಣದಿಂದಲೇ. ಅದಕ್ಕೆ ಅಮೃತಶಿಲೆಯ ಬೆಲೆ ತೆರಬಾರದು, ಅಷ್ಟೆ.

ಆ ಒಂದು ಗಂಟೆಯನ್ನು ಉಳಿಸಿಕೊಂಡವರು ಯಮುನೆ ದಾಟಿ ಇತಿಮಾದ್-ಉದ್-ದೌಲಾ ನೋಡಬಹುದು. ಗೈಡ್‌ಗಳು ಅದನ್ನು "ಬೇಬಿ ತಾಜ್" ಎನ್ನುವುದು ಸಂಬಂಧವನ್ನು ತಲೆಕೆಳಗು ಮಾಡಿದಂತೆ, ಏಕೆಂದರೆ ಇದೇ ಹಿರಿಯದು. ನೂರ್ ಜಹಾನ್ ತನ್ನ ತಂದೆ ಮಿರ್ಜಾ ಘಿಯಾಸ್ ಬೇಗನಿಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ್ದು. ಆತ ಮುಮ್ತಾಜಳ ತಾತ. ಬಿಳಿ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂಡಿಸುವ ಕೆಲಸ ಕಟ್ಟಡದ ಮೈತುಂಬ ಹರಡಿದ್ದು ಇಲ್ಲಿ. ಇಲ್ಲಿ ಗುಂಪಿಲ್ಲ, ತಳ್ಳಾಟವಿಲ್ಲ, ಹೂವಿನ ಒಂದೊಂದು ಎಸಳನ್ನೂ ಮಗು ನಿಧಾನವಾಗಿ ಎಣಿಸಬಹುದು.

ಸಂಜೆಗೆ ಅದೇ ದಡದ ಮೆಹ್ತಾಬ್ ಬಾಗ್. ಶಹಜಹಾನ್ ತನಗಾಗಿ ಕರಿಯ ತಾಜ್ ಕಟ್ಟಿಸಲಿದ್ದ ಜಾಗ ಇದೇ ಎನ್ನುತ್ತಾರೆ ಗೈಡ್. ಈ ಕಥೆಯ ಬೇರೂ ಟಾವರ್ನಿಯೆಯ ಬರಹದಲ್ಲಿದೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕಿದ್ದು ಎಂಟು ಮೂಲೆಯ ಒಂದು ದೊಡ್ಡ ಕೊಳ. ಕರಿಯದೆಂದು ತೋರುತ್ತಿದ್ದ ಕಲ್ಲುಗಳು ಕಪ್ಪುಗಟ್ಟಿದ ಬಿಳಿ ಕಲ್ಲುಗಳಾಗಿದ್ದವು. ಎದುರಿಗೆ, ಸೊರಗಿದ ಯಮುನೆಯ ಆಚೆ ತಾಜ್‌ನ ಹಿಂಬದಿ. ಕೊಳಕು ನೀರಿನಲ್ಲಿ ಹುಟ್ಟಿದ ಪುಟ್ಟ ನೊಣಗಳು 2015-16ರಲ್ಲಿ ಹಿಂಡುಹಿಂಡಾಗಿ ಬಂದು ಹಸಿರು ಹಿಕ್ಕೆ ಹಾಕಿ ಹೋದದ್ದು ಇದೇ ಗೋಡೆಯ ಮೇಲೆ. ಮೊದಲಿದ್ದಂತೆ ಹರಿಯುವ ನೀರೂ ಮೀನೂ ಇದ್ದರೆ ಅವುಗಳ ಮರಿಗಳು ಅಷ್ಟು ಬೆಳೆಯುತ್ತಿರಲಿಲ್ಲ. ಕೆಲಸಗಾರರು ನೀರು, ಬಟ್ಟೆ ಹಿಡಿದು ಕಲ್ಲಿನ ಹೂಗಳನ್ನು ಉಜ್ಜಿ ತೊಳೆದರು. ನೊಣ ಮತ್ತೆ ಬಂತು, ಮತ್ತೆ ತೊಳೆದರು.