ನಗೆಯೋ, ನಗೆಪಾಟಲೋ?

ಕಳೆದ ಡಿಸೆಂಬರಿನ ಮಾತು. ಕಳಸದ ಹತ್ತಿರ ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲು ಜೋರಾಗಿತ್ತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮಕ್ಕನ ಮಗ ರಜೆಗೆ ಬಂದಿದ್ದ. ರಾತ್ರಿ ಎಲ್ಲರೂ ಕಡುಬು ತಿನ್ನುತ್ತಾ ಕೂತಿದ್ದಾಗ ನನ್ನ ಕಿರಿಮಗ, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಆಳೊಬ್ಬ ಕನ್ನಡ ಮಾತಾಡುವ ಧಾಟಿಯನ್ನು ಅಣಕಿಸಿ ತೋರಿಸಿದ. ಹೊಟ್ಟೆ ಹಿಡಿದು ನಕ್ಕೆವು. ನಾನೂ ನಕ್ಕೆ.

ಅಕ್ಕನ ಮಗ ಮಾತ್ರ ನಗಲಿಲ್ಲ. "ಚಿಕ್ಕಮ್ಮ, ಸ್ಕೂಲಲ್ಲಿ ನನ್ನನ್ನೂ ಹೀಗೇ ಆಡಿಕೊಳ್ತಿದ್ರು. ನನ್ನ ಹೆಸರು ಬಿಟ್ಟು ‘ಅಪು’ ಅಂತಲೇ ಕರೀತಿದ್ರು" ಎಂದ.

ಯಾರೀ ಅಪು?

ಕಾರ್ಟೂನ್ ಎಂದರೆ ಮಕ್ಕಳಿಗೆ ಊಟ ಮಾಡಿಸಲು ಹಾಕುವ ಚಿತ್ರ ಎಂದೇ ನಮ್ಮ ಭಾವನೆ, ಅಲ್ಲವೆ? ಅಮೆರಿಕದಲ್ಲಿ ದೊಡ್ಡವರು ನೋಡುವ ಕಾರ್ಟೂನುಗಳೂ ಇವೆ. 1989ರಲ್ಲಿ ‘ದಿ ಸಿಂಪ್ಸನ್ಸ್’, 1997ರಲ್ಲಿ ‘ಸೌತ್ ಪಾರ್ಕ್’, 1999ರಲ್ಲಿ ‘ಫ್ಯಾಮಿಲಿ ಗೈ’ ಶುರುವಾದವು. ಬಣ್ಣ, ಧರ್ಮ, ಅಂಗವಿಕಲತೆ, ಹೀಗೆ ನಾಲ್ಕು ಜನರೆದುರು ಆಡಲು ನಾವು ಹಿಂಜರಿಯುವ ಮಾತುಗಳೂ ಇಂಥ ಕಡೆ ತಮಾಷೆಯ ಸರಕು. ಎಲ್ಲರನ್ನೂ ಗೇಲಿ ಮಾಡುವಾಗ ಒಬ್ಬರು ಬೇಸರಪಟ್ಟುಕೊಳ್ಳುವುದೇಕೆ ಎಂಬುದು ಇದರ ಪರವಾಗಿ ಹೇಳುವ ವಾದ.

‘ಸಿಂಪ್ಸನ್ಸ್’ನಲ್ಲಿ ಅಂಗಡಿ ಇಟ್ಟುಕೊಂಡಿರುವ ಭಾರತೀಯನೇ ಅಪು. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು. ಆದರೆ ಶಾಲೆಯ ಹುಡುಗರಿಗೆ ಬೇಕಾದದ್ದು ಅವನ ಇಂಗ್ಲಿಷಿನ ಧಾಟಿ ಮಾತ್ರ. ಅವನಿಗೆ ಧ್ವನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ ಭಾರತೀಯರಲ್ಲ. ಅಲ್ಲಿನ ಟಿ.ವಿ.ಯಲ್ಲಿ ನಮ್ಮವರ ಮುಖವೇ ಅಪರೂಪವಾಗಿದ್ದ ಕಾಲ ಅದು. ಹಾಗಾಗಿ ಆ ಒಂದೇ ಮುಖವಾಡ ಎಲ್ಲ ಭಾರತೀಯ ಮಕ್ಕಳಿಗೂ ಅಂಟಿಕೊಂಡಿತು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಇದನ್ನೇ ಒಂದು ಸಾಕ್ಷ್ಯಚಿತ್ರ ಮಾಡಿದರು. ಅಜೇರಿಯಾ 2020ರಲ್ಲಿ ಆ ಧ್ವನಿ ಕೊಡುವುದನ್ನು ಬಿಟ್ಟರು. 2021ರಲ್ಲಿ ಕ್ಷಮೆಯನ್ನೂ ಕೇಳಿದರು.

ರಾಜನ ಜಂಬ, ಆಳಿನ ಮೌನ

ಹಾಗಾದರೆ ತಮಾಷೆಯೇ ಬೇಡವೆ? ಹಾಗಲ್ಲ. ಅದೇ ಕಾರ್ಟೂನಿನ 1996ರ ಒಂದು ಕಂತಿನಲ್ಲಿ, ತೆರಿಗೆ ಏರಿತೆಂದು ಜನ ಕೂಗಾಡಿದಾಗ ಮೇಯರ್ ತಪ್ಪನ್ನೆಲ್ಲ ವಲಸೆ ಬಂದವರ ತಲೆಗೆ ಕಟ್ಟುತ್ತಾನೆ. ಊರಿಗೆ ಊರೇ ನಂಬುತ್ತದೆ. ಅಲ್ಲಿ ನಗೆಪಾಟಲಾಗುವುದು ಅಪು ಅಲ್ಲ, ಆ ಊರು.

ನಮ್ಮ ಬಯಲಾಟದ ಹಾಸ್ಯಗಾರನನ್ನು ನೆನೆಸಿಕೊಳ್ಳಿ. ದ್ವಾರಪಾಲಕನಾಗಿ ಬಂದು ರಾಜನ ಜಂಬವನ್ನೇ ಇಳಿಸಿಬಿಡುತ್ತಾನೆ. ರಾಜನೋ, ತಿರುಗಿ ಮಾತಾಡಬಲ್ಲ. ಲೈನುಮನೆಯ ಆಳು ಧಣಿಗಳ ಜಗಲಿಯಲ್ಲಿ ತಿರುಗಿ ಮಾತಾಡಿಯಾನೆ?

ಮರುದಿನ ಸಂಜೆ ಹಣ್ಣು ತೂಗುವ ಹೊತ್ತಿಗೆ ಕಣಕ್ಕೆ ಹೋದೆ. ಅವರ ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸಲು ಹೇಳಿಸಿಕೊಂಡೆ. ನಾಲ್ಕಕ್ಕೇ ನನ್ನ ನಾಲಿಗೆ ತೊಡರಿತು. ಹೆಣ್ಣಾಳುಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೇನೂ ನೋವಾಗಲಿಲ್ಲ. ಯಾಕೆಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ಅವರ ದಿನಗೂಲಿ ನನ್ನ ಮನೆಯಿಂದ ಹೋಗುತ್ತದೆ, ನನ್ನದು ಅವರ ಕೈಯಲ್ಲಿಲ್ಲ.

ಮನೆಯಲ್ಲಿ ಮಕ್ಕಳು ಯಾರನ್ನಾದರೂ ಅಣಕಿಸಿದರೆ ಗದರಬೇಡಿ. "ಇದನ್ನೇ ಅವರೆದುರಿಗೆ ಮಾಡಿ ತೋರಿಸ್ತೀಯಾ ಮಗು? ಅವರೂ ನಗ್ತಾರಾ?" ಎಂದು ಕೇಳಿ. ನಾನು ಕೇಳಿದಾಗ ನನ್ನ ಮಗ ತಲೆ ತಗ್ಗಿಸಿದ. ಮೊದಲು ನಕ್ಕವಳು ನಾನೇ ಆದ್ದರಿಂದ ನಾನೂ ತಗ್ಗಿಸಿದೆ.