ಸೆಲ್ ಸತ್ತರೆ ರಿಮೋಟ್ ಎಸೆಯುತ್ತೇವಾ? ಗೇಮ್ ಕಂಟ್ರೋಲರ್ ಕೇಳುವ ಪ್ರಶ್ನೆ

ಟಿವಿ ರಿಮೋಟ್‌ನ ಸೆಲ್ ಮುಗಿದರೆ ಯಾರೂ ರಿಮೋಟ್ ಎಸೆಯೋದಿಲ್ಲ. ನಮ್ಮ ದೋರನಹಳ್ಳಿಯಲ್ಲಿ ಕಿರಾಣಿ ಅಂಗಡಿಗೆ ಹೋಗಿ ಎರಡು ಸೆಲ್ ತಂದು ಹಾಕಿದರೆ ಮುಗೀತು. ಆದರೆ ಐದಾರು ಸಾವಿರ ಕೊಟ್ಟು ತಂದ ವೈರ್‌ಲೆಸ್ ಗೇಮ್ ಕಂಟ್ರೋಲರ್‌ನ ಬ್ಯಾಟರಿ ಸತ್ತರೆ ಏನು ಮಾಡೋದು? ಉತ್ತರ ಆ ಕಂಟ್ರೋಲರ್ ಯಾವುದು ಅನ್ನೋದರ ಮೇಲಿದೆ.

ಮೈಕ್ರೋಸಾಫ್ಟ್‌ನ ಸಾಮಾನ್ಯ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇವತ್ತಿಗೂ ಎರಡು ಎಎ ಸೆಲ್, ಅಂದ್ರೆ ನಮ್ಮ ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತೆ. ಸೋನಿ ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್‌ನಲ್ಲಿ 1,560 ಎಂಎಎಚ್‌ನ ಲಿಥಿಯಂ ಅಯಾನ್ ಬ್ಯಾಟರಿ ಒಳಗೇ ಕೂತಿರುತ್ತೆ.

ಒಳಗಿನ ಬ್ಯಾಟರಿಗೆ ಅದರದೇ ಅನುಕೂಲವಿದೆ. ವೈರ್ ಚುಚ್ಚಿದರೆ ಸಾಕು, ಸೆಲ್ ಕೊಳ್ಳುವ ಖರ್ಚಿಲ್ಲ, ಕಸವೂ ಕಡಿಮೆ. ತೊಂದರೆ ಶುರುವಾಗೋದು ಕೆಲವು ವರ್ಷಗಳ ನಂತರ. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತೆ, ಸುಮ್ಮನೆ ಇಟ್ಟರೂ ಸವೆಯುತ್ತೆ. ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್ ಆದ ಮೇಲೆ ಅದರ ಶಕ್ತಿ ಎದ್ದು ಕಾಣುವಷ್ಟು ಇಳಿಯುತ್ತೆ. ಬಿಸಿ ಹೆಚ್ಚಾದಷ್ಟೂ ಸವೆತ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಪೆನ್ಸಿಲ್ ಸೆಲ್ ಅಂದಾಕ್ಷಣ ಪದೇ ಪದೇ ಕೊಳ್ಳಲೇಬೇಕು ಅಂತೇನಿಲ್ಲ. ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್‌ಗಳು ಅದೇ ಅಳತೆಯಲ್ಲಿ ಸಿಗುತ್ತವೆ. ನಾಲ್ಕು ಸೆಲ್, ಒಂದು ಚಾರ್ಜರ್ ಇದ್ದರೆ ಎರಡು ಆಟದಲ್ಲಿ, ಎರಡು ಚಾರ್ಜ್‌ನಲ್ಲಿ. ಮುಂದೆ ಸೆಲ್ ಸವೆದರೆ ಸೆಲ್ ಮಾತ್ರ ಬದಲಿಸಿದರಾಯ್ತು, ಕಂಟ್ರೋಲರ್ ಹಾಗೇ ಉಳಿಯುತ್ತೆ.

ಹಾಗಂತ ಜಗಳ ಒಳಗೋ ಹೊರಗೋ ಅನ್ನೋದರದ್ದಲ್ಲ. ಬ್ಯಾಟರಿ ಅನ್ನೋದು ಸೈಕಲ್ ಟ್ಯೂಬ್ ಇದ್ದಹಾಗೆ, ಸವೆಯಲೆಂದೇ ಇರುವ ಭಾಗ. ಸವೆಯುವ ಭಾಗವನ್ನು ಮಾಲೀಕ ಬದಲಿಸಲು ಆಗಬೇಕು, ಅಷ್ಟೇ. ಡ್ಯುಯಲ್‌ಸೆನ್ಸ್‌ನಲ್ಲೂ ಬ್ಯಾಟರಿ ಬೆಸುಗೆ ಹಾಕಿದ್ದಲ್ಲ, ಪ್ಲಗ್‌ನಲ್ಲಿ ಸಿಕ್ಕಿಸಿದ್ದು. ಆದರೆ ಸ್ಕ್ರೂಗಳು ಪಟ್ಟಿಯ ಕೆಳಗೆ ಅಡಗಿವೆ. ಅಧಿಕೃತ ಸರ್ವೀಸ್ ಸೆಂಟರ್ ಇರುವ ಊರಿನವರಿಗೆ ಇದು ಒಂದು ಸುತ್ತಿನ ಕೆಲಸ. ಹಳ್ಳಿಯವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದಂಗೆ.

ನೋಕಿಯಾದ ಬಿಎಲ್-5ಸಿ ನೆನಪಿದೆಯಲ್ಲ? ಹಿಂದಿನ ಮುಚ್ಚಳ ತೆಗೆದು ಉಗುರಲ್ಲಿ ಎತ್ತಿದರೆ ಬ್ಯಾಟರಿ ಕೈಗೆ ಬರ್ತಿತ್ತು. ಆ ಅಳತೆ ಎಷ್ಟು ಹರಡಿತೆಂದರೆ ಚೈನಾ ರೇಡಿಯೊ, ಸ್ಪೀಕರ್‌ಗಳಿಗೂ ಅದೇ ಬಂತು. ಈಗ ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವ ರೈತನ ಟಾರ್ಚ್ ಕೂಡ ಸೀಲ್ ಮಾಡಿದ ಚಾರ್ಜಿಂಗ್ ಟಾರ್ಚ್. ಬ್ಯಾಟರಿ ಕೂತರೆ ಟಾರ್ಚೇ ಗುಜರಿಗೆ. ಆಟದ ಸಾಮಾನು ಅಂತ ತಳ್ಳಿಹಾಕುವ ಪ್ರಶ್ನೆ ಇದಲ್ಲ.

ಯುರೋಪಿನ ಒಕ್ಕೂಟ 2023ರಲ್ಲಿ ಬ್ಯಾಟರಿ ಕಾನೂನು ಮಾಡಿದೆ. ಅದರಂತೆ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರನೇ ಸಾಮಾನ್ಯ ಉಪಕರಣದಿಂದ ತೆಗೆದು ಬದಲಿಸುವಂತಿರಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹ, ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿವೆ. ಸತ್ತ ಬ್ಯಾಟರಿ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಇದು ಉತ್ತರ. ಸಾಧನ ಬದುಕಬೇಕು ಅನ್ನೋದಕ್ಕೂ ಒಂದು ನಿಯಮ ಬೇಕು.

ಅಲ್ಲೀವರೆಗೆ ಕೊಳ್ಳುವಾಗ ಅಂಗಡಿಯವನಿಗೆ ಒಂದೇ ಮಾತು ಕೇಳಿ: ‘ಇದರ ಬ್ಯಾಟರಿ ಬೇರೆ ಸಿಗುತ್ತಾ?’ ಸೆಕೆಂಡ್ ಹ್ಯಾಂಡ್ ಆದರೆ ವೈರ್ ಕಿತ್ತು ಅರ್ಧ ಗಂಟೆ ಆಡಿ ನೋಡಿ. ಒಳಗಿನ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಇಡಬೇಡಿ. ಸೆಲ್ ಇರುವುದಾದರೆ ಬಳಸದಾಗ ಹೊರತೆಗೆದಿಡಿ, ಸೋರಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಅದು ಬೆಂಕಿಯ ವಿಷಯ.